ಹೆಬ್ರಿಯ ರಸ್ತೆಯಲ್ಲಿ ಇಕೋ ಮೋಡ್: ಒಂದು ಮೀಮಾಂಸೆ

ವಿಷಯ

ಹೆಬ್ರಿ ಪೇಟೆಯಿಂದ ಪಶ್ಚಿಮಕ್ಕೆ ಹೊರಟರೆ ಪೆರ್ಡೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಉಡುಪಿ. ಅಲ್ಲಲ್ಲಿ ಏರು ತಗ್ಗು ಇದ್ದರೂ ಅದು ಒಟ್ಟಿನಲ್ಲಿ ಕರಾವಳಿಯ ರಸ್ತೆ. ಪೂರ್ವಕ್ಕೆ ಹೊರಟರೆ ಸೀತಾನದಿ, ಸೋಮೇಶ್ವರ, ಅಲ್ಲಿಂದ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ. ಎರಡೂ ಒಂದೇ ಹೆದ್ದಾರಿ, ತೀರ್ಥಹಳ್ಳಿಯಿಂದ ಮಲ್ಪೆಗೆ ಹೋಗುವ 169ಎ. ಇಂಜಿನ್ನಿನ ಪಾಲಿಗೆ ಮಾತ್ರ ಇವು ಬೇರೆ ಬೇರೆ ಲೋಕಗಳು. ಹಾಗಾಗಿ ಕಾರಿನ ಇಕೋ ಗುಂಡಿಯನ್ನು ಯಾವಾಗ ಒತ್ತಬೇಕು, ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗೆ ಹೆಬ್ರಿಗಿಂತ ಒಳ್ಳೆಯ ಪರೀಕ್ಷಾಸ್ಥಳ ಸಿಗುವುದು ಕಷ್ಟ.

ಮೊದಲು ಗುಂಡಿ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಬೇಕು. ಅದು ಇಂಜಿನ್ನನ್ನು ಬದಲಿಸುವುದಿಲ್ಲ. ಈಗಿನ ಕಾರುಗಳಲ್ಲಿ ಎಕ್ಸಲರೇಟರಿಗೂ ಇಂಜಿನ್ನಿಗೂ ನಡುವೆ ತಂತಿಯಿಲ್ಲ, ಕಂಪ್ಯೂಟರ್ ಇದೆ. ನಾವು ಪೆಡಲ್ ಒತ್ತಿದ್ದನ್ನು ಅದು ಓದಿ, ಎಷ್ಟು ಶಕ್ತಿ ಕೊಡಬೇಕೆಂದು ತೀರ್ಮಾನಿಸುತ್ತದೆ. ಇಕೋದಲ್ಲಿ ಅದೇ ಒತ್ತಿಗೆ ಕಡಿಮೆ ಶಕ್ತಿ ಬರುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೆ ಗೇರು ಬೇಗ ಮೇಲಕ್ಕೆ ಹೋಗಿ, ಕೆಳಗಿಳಿಯಲು ತಡಮಾಡುತ್ತದೆ. ಅನೇಕ ಗಾಡಿಗಳಲ್ಲಿ ಎಸಿಯ ಕಂಪ್ರೆಸರ್ ಓಡುವ ಹೊತ್ತೂ ಕಡಿಮೆಯಾಗುತ್ತದೆ. ಇಷ್ಟೇ ಅದರ ಕೆಲಸ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಕೆಲವು ಕಾರುಗಳಲ್ಲಿ, ಅನೇಕ ಸ್ಕೂಟರ್‌ಗಳಲ್ಲಿ, ಹಸಿರು ಬಣ್ಣದ ಇಕೋ ದೀಪ ಮಾತ್ರ ಇರುತ್ತದೆ, ಗುಂಡಿ ಇರುವುದಿಲ್ಲ. ‘ಈಗ ನೀವು ಹಿತಮಿತವಾಗಿ ಓಡಿಸುತ್ತಿದ್ದೀರಿ’ ಎಂದು ತಿಳಿಸುವುದಷ್ಟೇ ಆ ದೀಪದ ಕೆಲಸ. ಅದು ಏನನ್ನೂ ಉಳಿಸುವುದಿಲ್ಲ. ಈ ಚರ್ಚೆ ಆ ದೀಪದ್ದಲ್ಲ, ಗುಂಡಿಯದು.

ಸಂಶಯ

ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ಮಾಡುತ್ತಾರೆ. ದಿನವೂ ಮಾಡಲೇಬೇಕಾದದ್ದು, ಕಾರಣ ಒದಗಿದಾಗ ಮಾಡಬೇಕಾದದ್ದು, ಬೇಕೆನಿಸಿದವರು ಮಾಡುವಂಥದ್ದು. ಇಕೋ ಇವುಗಳಲ್ಲಿ ಯಾವುದು? ಗಾಡಿ ಸ್ಟಾರ್ಟ್ ಮಾಡಿದೊಡನೆ ಒತ್ತಿ ಮರೆತುಬಿಡುವುದೇ? ಸಂದರ್ಭ ನೋಡಿ ಒತ್ತುವುದೇ? ಅಥವಾ ಮೈಲೇಜಿನ ಆಸೆ ಇರುವವರಿಗಷ್ಟೇ ಬಿಡಬಹುದಾದದ್ದೇ?

ಪೂರ್ವಪಕ್ಷ

ಒಬ್ಬರು ಹೇಳುವುದು: ಯಾವಾಗಲೂ ಇಕೋದಲ್ಲೇ ಇರಲಿ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿದೆ. ಕಂಪನಿಯೇ ಕೊಟ್ಟ ಉಳಿತಾಯದ ದಾರಿಯನ್ನು ಬಿಡುವುದೇಕೆ? ಉಡುಪಿಗೆ ಹೋಗುವಾಗ ಉಳಿಸುವಂಥದ್ದು ಆಗುಂಬೆಗೆ ಹೋಗುವಾಗಲೂ ಉಳಿಸಲೇಬೇಕು. ಘಾಟಿಯಲ್ಲಿ ಪೆಟ್ರೋಲ್ ಹೆಚ್ಚು ಖರ್ಚಾಗುವುದರಿಂದ ಅಲ್ಲೇ ಉಳಿತಾಯದ ಅಗತ್ಯವೂ ಹೆಚ್ಚು.

ಇನ್ನೊಬ್ಬರದು ಇದಕ್ಕೆ ತೀರಾ ವಿರುದ್ಧ: ಇಕೋ ಬರೀ ಮಾರಾಟದ ಮಾತು. ಕಾಲು ಹಗುರವಾಗಿದ್ದರೆ ಗುಂಡಿ ಬೇಡ, ಕಾಲು ಭಾರವಾಗಿದ್ದರೆ ಗುಂಡಿಯಿಂದ ಪ್ರಯೋಜನವಿಲ್ಲ. ಪಿಕಪ್ ಸತ್ತ ಗಾಡಿಯನ್ನು ಓಡಿಸುವ ಕಷ್ಟ ಯಾಕೆ?

ಇಬ್ಬರೂ ತಿಳಿದೇ ಮಾತಾಡುವವರು. ಘಾಟಿಯ ಕುರಿತ ಮೊದಲನೆಯವರ ಕೊನೆಯ ವಾಕ್ಯವಂತೂ ಮೇಲ್ನೋಟಕ್ಕೆ ಅಲ್ಲಗಳೆಯಲಾಗದಂತಿದೆ. ಹಾಗಾಗಿ ಅಲ್ಲಿಂದಲೇ ತೊಡಗುತ್ತೇನೆ.

ಸಿದ್ಧಾಂತ

ಇಂಧನದ ಖರ್ಚಿನಲ್ಲಿ ಎರಡು ಬಗೆ. ಒಂದು, ಕೆಲಸಕ್ಕೆ ಆಗುವ ಖರ್ಚು. ಇನ್ನೊಂದು, ಪೋಲು. ಇಕೋ ತಡೆಯುವುದು ಪೋಲನ್ನು ಮಾತ್ರ. ಕೆಲಸವನ್ನು ಕಡಿಮೆ ಮಾಡುವ ಶಕ್ತಿ ಯಾವ ಗುಂಡಿಗೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಜನರನ್ನು ಕೂರಿಸಿಕೊಂಡ ಸಾಧಾರಣ ಕಾರು ಸುಮಾರು 1400 ಕಿಲೋ. ಸೋಮೇಶ್ವರದಿಂದ ಆಗುಂಬೆಗೆ ಅದನ್ನು 500 ಮೀಟರಿಗೂ ಹೆಚ್ಚು ಎತ್ತಬೇಕು. 500 ಎಂದೇ ಹಿಡಿದರೂ ಅದಕ್ಕೆ ಬೇಕಾದ ಶಕ್ತಿ ಸುಮಾರು 69 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 330 ಲಕ್ಷ ಜೂಲ್ ಇದೆ ನಿಜ, ಆದರೆ ಚಕ್ರಕ್ಕೆ ತಲುಪುವುದು ಅದರ ಕಾಲುಭಾಗದಷ್ಟು. ಉಳಿದದ್ದು ರೇಡಿಯೇಟರ್, ಸೈಲೆನ್ಸರ್‌ಗಳ ಬಿಸಿಯಾಗಿ ಹೋಗುತ್ತದೆ. ಅಂದರೆ ಎತ್ತರ ಏರುವುದಕ್ಕೆಂದೇ ಮುಕ್ಕಾಲು ಲೀಟರಿಗಿಂತ ಹೆಚ್ಚು ಬೇಕು. ಟೈರಿನ ಘರ್ಷಣೆ, ಗಾಳಿಯ ತಡೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಇಕೋ ಇದ್ದರೂ ಇಲ್ಲದಿದ್ದರೂ ಈ ಎತ್ತುವಿಕೆ ಕಡಿಮೆಯಾಗದು. ಘಾಟಿಯಲ್ಲಿ ಖರ್ಚು ಹೆಚ್ಚು, ಪೋಲು ಕಡಿಮೆ. ‘ಖರ್ಚು ಹೆಚ್ಚಿದ್ದಲ್ಲಿ ಉಳಿತಾಯವೂ ಹೆಚ್ಚು’ ಎಂಬ ಪೂರ್ವಪಕ್ಷ ಬೀಳುವುದು ಇಲ್ಲಿ.

ಅಷ್ಟೇ ಅಲ್ಲ, ಏರಿನಲ್ಲಿ ಇಕೋ ತಾನೇ ಪೋಲಿಗೆ ಕಾರಣವಾಗಬಹುದು. ಹೇರ್‌ಪಿನ್ ತಿರುವಿನಲ್ಲಿ ವೇಗ ಇಳಿಯುತ್ತದೆ. ಇಕೋದಲ್ಲಿರುವ ಆಟೋಮ್ಯಾಟಿಕ್ ಗೇರು ಕೆಳಗಿಳಿಯದೆ ಮೇಲಿನ ಗೇರಿನಲ್ಲೇ ಹಿಡಿದುಕೊಳ್ಳುತ್ತದೆ. ಇಂಜಿನ್ ಗುಂಯ್‌ಗುಡುತ್ತದೆ, ಗಾಡಿ ಎಳೆಯುವುದಿಲ್ಲ. ತಾಳ್ಮೆಗೆಟ್ಟ ಕಾಲು ಪೆಡಲನ್ನು ನೆಲಕ್ಕೆ ಒತ್ತುತ್ತದೆ. ಆಗ ಗೇರು ಒಮ್ಮೆಲೇ ಎರಡು ಮೆಟ್ಟಿಲು ಕೆಳಗೆ ಧುಮುಕಿ, ಇಂಜಿನ್ ಅರಚಿ, ಗಾಡಿ ಮುನ್ನುಗ್ಗುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಅನೇಕ ಪೆಟ್ರೋಲ್ ಇಂಜಿನ್‌ಗಳು ಗಾಳಿಯ ಪ್ರಮಾಣಕ್ಕೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತವೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ. ನಾರ್ಮಲ್‌ನಲ್ಲಿ ಸೆಕೆಂಡ್ ಗೇರಿನಲ್ಲಿ ಒಂದೇ ಸಮನೆ ಏರುವ ಗಾಡಿ ಇದಕ್ಕಿಂತ ಕಡಿಮೆ ಕುಡಿದರೆ ಆಶ್ಚರ್ಯವಿಲ್ಲ. ಟರ್ಬೊ ಇರುವ ಸಣ್ಣ ಇಂಜಿನ್‌ಗಳಿಗೆ ಕಡಿಮೆ ಸುತ್ತಿನಲ್ಲಿ ಭಾರಿ ಹೊರೆ ಹಾಕುವುದು ಆರೋಗ್ಯಕ್ಕೂ ಒಳ್ಳೆಯದಲ್ಲ.

ಹಾಗಾದರೆ ಪೋಲು ಇರುವುದು ಎಲ್ಲಿ? ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ. ಪೆರ್ಡೂರು, ಹಿರಿಯಡ್ಕದ ಪೇಟೆಗಳಲ್ಲಿ. ಹಂಪ್ ದಾಟಿದೊಡನೆ ಕಾಲು ಒತ್ತಿ, ಮುಂದಿನ ಹಂಪ್ ಕಂಡೊಡನೆ ಬ್ರೇಕ್ ಹಾಕುವ ಪ್ರತಿಯೊಂದು ಸಲವೂ. ಒತ್ತಿ ಗಳಿಸಿದ ವೇಗವೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದಲ್ಲ, ಅದೇ ನಿಜವಾದ ಪೋಲು. ಅಲ್ಲಿ ಇಕೋ ಕಾಲಿನ ಆತುರವನ್ನು ತಗ್ಗಿಸುತ್ತದೆ. ಹೆಬ್ರಿಯಿಂದ ಮುದ್ರಾಡಿ, ಮುನಿಯಾಲು, ವರಂಗದ ಮೇಲೆ ಕಾರ್ಕಳಕ್ಕೆ ಹೋಗುವ ತಿರುವುಮುರುವಿನ ದಾರಿಯಲ್ಲೂ ಹಾಗೆಯೇ.

ಆದ್ದರಿಂದ ನಿರ್ಣಯ ಇದು. ಬಯಲಿನ ದಿನನಿತ್ಯದ ಓಡಾಟದಲ್ಲಿ ಇಕೋ ನಿತ್ಯ, ಅದೇ ಉತ್ಸರ್ಗ, ಎಂದರೆ ಸಾಮಾನ್ಯ ವಿಧಿ. ಗಾಡಿಯಿಂದ ಕೆಲಸ ಬೇಕಾದಲ್ಲಿ, ಅಂದರೆ ಘಾಟಿ ಏರುವಾಗ, ಓವರ್‌ಟೇಕ್ ಮಾಡುವಾಗ, ಗಾಜು ಮಬ್ಬಾದಾಗ, ಅದನ್ನು ತೆಗೆಯುವುದು ಅಪವಾದ. ಅಪವಾದ ಒದಗಿದ ಕಡೆ ಉತ್ಸರ್ಗ ಹಿಂದೆ ಸರಿಯಬೇಕು. ಸೋಮೇಶ್ವರದಲ್ಲಿ ತೆಗೆದು, ಮೇಲೆ ಆಗುಂಬೆ ಪೇಟೆಯಲ್ಲಿ ಮತ್ತೆ ಹಾಕಿದರೆ ಸಾಕು.

ಆಕ್ಷೇಪ, ಸಮಾಧಾನ

ನಿಧಾನವಾಗಿ ಏರಿದರೆ ಯಾರಿಗೇನು ನಷ್ಟ, ಹತ್ತು ನಿಮಿಷ ತಡವಾದೀತು ಅಷ್ಟೇ ಎಂಬ ಆಕ್ಷೇಪವಿದೆ. ನಿಧಾನ ತಪ್ಪಲ್ಲ. ಈ ಘಾಟಿಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲದಿದ್ದರೂ ಮಿನಿ ಬಸ್ಸುಗಳು ಓಡಾಡುತ್ತವೆ, ತಿರುವುಗಳು ಇಕ್ಕಟ್ಟು. ಬೇಕಾದದ್ದು ವೇಗವಲ್ಲ, ಕೇಳಿದಾಗ ಕೇಳಿದಷ್ಟು ಸಿಗುವ ಶಕ್ತಿ. ಎದುರಿನ ಬಸ್ಸಿಗೆಂದು ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ, ಪೆಡಲ್ ಒತ್ತಿದ ಮೇಲೆ ಒಂದು ಕ್ಷಣ ಯೋಚಿಸಿ ಮುಂದೆ ಹೋಗುವ ಗಾಡಿ ಹಿಂದಿರುವವನಿಗೂ ಅಪಾಯ. ಏರುವವರಿಗೆ ದಾರಿ ಬಿಡಬೇಕೆಂಬ ನಿಯಮವನ್ನು ಇಳಿಯುವವರು ಪಾಲಿಸುತ್ತಾರೆ. ಆ ದಾರಿಯನ್ನು ತಡವರಿಸದೆ ಬಳಸಿಕೊಳ್ಳುವುದು ಏರುವವರ ಕರ್ತವ್ಯ. ಪರ್ಕಳದ ಏರಿನಲ್ಲಿ ಬಸ್ಸನ್ನು ಹಿಂದಿಕ್ಕಲು ಹೊರಟವರಿಗೂ ಇದೇ ಮಾತು: ಇಕೋದಲ್ಲಿದ್ದು ಓವರ್‌ಟೇಕ್ ಮಾಡಬೇಡಿ. ತೆಗೆದು ಮಾಡಿ, ಇಲ್ಲವೇ ಮಾಡದೆ ಬಿಡಿ.

ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಇಕೋಗಿಂತ ಹೆಚ್ಚು ಉಳಿಯುತ್ತದಲ್ಲ? ಈ ನಂಬಿಕೆಯನ್ನು ಬೇರುಸಹಿತ ಕೀಳಬೇಕು ಎಂದು ನನಗೆ ತೀವ್ರವಾಗಿ ಅನಿಸುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಅದಕ್ಕೊಂದು ಆಧಾರವಿತ್ತು. ಫ್ಯೂಯೆಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ, ಇಂಜಿನ್ನಿಗೆ ಪೆಟ್ರೋಲ್ ಹೋಗುವುದು ಪೂರ್ತಿ ನಿಲ್ಲುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಮಾತ್ರ ಇಂಜಿನ್ ಬದುಕಿರಲು ತಾನೇ ಪೆಟ್ರೋಲ್ ಸುಡಬೇಕು, ಗಂಟೆಗೆ ಅರ್ಧ ಲೀಟರಿನ ಆಸುಪಾಸು. ಅಂದರೆ ನ್ಯೂಟ್ರಲ್‌ನಲ್ಲಿ ಇಳಿಯುವವರು ಉಳಿಸುತ್ತಿಲ್ಲ, ಖರ್ಚು ಮಾಡುತ್ತಿದ್ದಾರೆ. ಅದಕ್ಕಿಂತ ಮುಖ್ಯವಾದುದು, ಏರುವಾಗ ಗಾಡಿಗೆ ತುಂಬಿದ ಆ 69 ಲಕ್ಷ ಜೂಲ್ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಸೆಕೆಂಡ್ ಗೇರಿನಲ್ಲಿದ್ದರೆ ಬಹುಪಾಲನ್ನು ಇಂಜಿನ್ ನುಂಗುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ನಿಗೆ ಅದರಲ್ಲಿ ಪಾಲಿಲ್ಲ, ಭಾರವೆಲ್ಲ ಬ್ರೇಕ್ ಪ್ಯಾಡುಗಳ ಮೇಲೆ. ಬ್ರೇಕ್ ಕಾದು, ಹಿಡಿತ ತಪ್ಪಿ, ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಸ್ಥಿತಿ ಬರುವುದು ಹೀಗೆಯೇ.

ಇಳಿಜಾರಿನಲ್ಲಿ ಇಕೋ ಇರಲೇ ಬೇಡವೇ ಎಂದರೆ, ಮ್ಯಾನ್ಯುವಲ್ ಗಾಡಿಯಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ಕೆಲಸ ಮಾಡುವುದು ಗೇರು. ಆಟೋಮ್ಯಾಟಿಕ್‌ಗಳಲ್ಲಿ ಕೆಲವು, ಇಕೋದಲ್ಲಿ ಕಾಲು ತೆಗೆದೊಡನೆ ಇಂಜಿನ್ನಿನಿಂದ ಗೇರ್‌ಬಾಕ್ಸನ್ನು ತಾವಾಗಿಯೇ ಬಿಡಿಸಿ ಗಾಡಿಯನ್ನು ತೇಲಲು ಬಿಡುತ್ತವೆ. ಸಮತಟ್ಟು ರಸ್ತೆಯಲ್ಲಿ ಅದು ಜಾಣತನ, ಆಗುಂಬೆಯ ಇಳಿಜಾರಿನಲ್ಲಿ ಅದೇ ನ್ಯೂಟ್ರಲ್. ಅಂಥ ಗಾಡಿಯವರು ಇಳಿಯುವಾಗಲೂ ಇಕೋ ತೆಗೆಯಬೇಕು, ಗೇರನ್ನು ಕೈಯಿಂದಲೇ ಕೆಳಗಿಳಿಸಬೇಕು.

ಮಳೆಗಾಲದ ಮಾತು ಬೇರೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಬ್ರಿಯಿಂದ ಮೇಲಕ್ಕೆ ಹೋಗುವವರಿಗೆ ಹೊರಗೆ ಮಂಜು, ಒಳಗೆ ಗಾಜಿನ ಮೇಲೆ ಮಬ್ಬು. ಒದ್ದೆ ಬಟ್ಟೆ, ಒದ್ದೆ ಕೊಡೆ, ನಾಲ್ಕು ಜನರ ಉಸಿರು, ಇದೆಲ್ಲದರ ತೇವವನ್ನು ಹೀರಿ ಗಾಜನ್ನು ತಿಳಿಗೊಳಿಸುವುದು ಎಸಿ. ಇಕೋ ಕಂಪ್ರೆಸರನ್ನು ಆಗಾಗ ನಿಲ್ಲಿಸುತ್ತದೆ. ನಿಂತಷ್ಟು ಹೊತ್ತು ಮಬ್ಬು ಮರಳುತ್ತದೆ. ‘ಮಳೆಗಾಲದಲ್ಲಿ ತಂಪಿದೆ, ಎಸಿಯೇ ಬೇಡ, ಇಕೋ ಇರಲಿ’ ಎನ್ನುವವರು ಎಸಿಯನ್ನು ಸೆಕೆಯ ಕಣ್ಣಿನಿಂದ ಮಾತ್ರ ನೋಡಿದವರು. ಕಣ್ಣಿಗೆ ರಸ್ತೆ ಕಾಣುವುದಕ್ಕಿಂತ ದೊಡ್ಡ ಉಳಿತಾಯ ಇಲ್ಲ. ಗಾಜು ಮಬ್ಬಾದರೆ ಬಯಲು ರಸ್ತೆಯಲ್ಲೂ ಇಕೋ ತೆಗೆಯಬೇಕು.

ಇನ್ನು ಎರಡನೆಯ ಪೂರ್ವಪಕ್ಷ. ಹಗುರ ಕಾಲಿನವರಿಗೆ ಗುಂಡಿ ಬೇಡ ಎಂಬುದು ಮ್ಯಾನ್ಯುವಲ್ ಗಾಡಿಯ ಮಟ್ಟಿಗೆ ಬಹುಪಾಲು ಸರಿ, ಅದನ್ನು ಒಪ್ಪುತ್ತೇನೆ. ಆದರೆ ಒಂದೇ ಕಾಲು ಬೆಳಿಗ್ಗೆ ಹಗುರ, ಸಂಜೆ ಕಚೇರಿ ಮುಗಿಸಿ ಮಣಿಪಾಲದಿಂದ ಹೆಬ್ರಿಗೆ ಮರಳುವಾಗ ಭಾರ. ದಣಿದ ಕಾಲಿಗೆ ಇಕೋ ಊರುಗೋಲು. ಆಟೋಮ್ಯಾಟಿಕ್‌ನಲ್ಲಿ ಗೇರು ಯಾವಾಗ ಬದಲಾಗಬೇಕೆಂಬುದನ್ನು ಕಾಲು ಪೂರ್ತಿಯಾಗಿ ತೀರ್ಮಾನಿಸಲಾರದು, ಕಂಪ್ರೆಸರನ್ನಂತೂ ಕಾಲಿನಿಂದ ನಿಲ್ಲಿಸಲಾಗದು.

ಉಳಿತಾಯ ತೀರಾ ಸಣ್ಣದು, ಇಷ್ಟು ಚರ್ಚೆಗೆ ತಕ್ಕದ್ದಲ್ಲ ಎಂದೂ ಹೇಳುತ್ತಾರೆ. ವರ್ಷಕ್ಕೆ 10,000 ಕಿಲೋಮೀಟರ್ ಓಡುವ, ಲೀಟರಿಗೆ 15 ಕಿಲೋಮೀಟರ್ ಕೊಡುವ ಗಾಡಿಯಲ್ಲಿ ನೂರಕ್ಕೆ ಐದು ಉಳಿಯಿತೆಂದು ಇಟ್ಟುಕೊಳ್ಳಿ. ಅದು 33 ಲೀಟರ್, ಮೂರು ಸಾವಿರ ರೂಪಾಯಿಗೆ ಮೇಲೆ. ಸಣ್ಣದಲ್ಲ. ಆದರೆ ಕಾಪು, ಪಡುಬಿದ್ರಿಯ ಕಡೆ ಹೆದ್ದಾರಿ 66ರಲ್ಲಿ ಇದೇ ಲೆಕ್ಕವನ್ನು ನಂಬಿ ಕೂರಬಾರದು. ಅಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಗೆ ಇಕೋ ಮಾಡುವುದು ಅತ್ಯಲ್ಪ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ಆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಇಕೋ ಹಾಕಿ 100ರಲ್ಲಿ ಹೋಗುವುದಕ್ಕಿಂತ ಇಕೋ ಇಲ್ಲದೆ 80ರಲ್ಲಿ ಹೋಗುವುದು ಲಾಭ. ಟೈರಿಗೆ ಸರಿಯಾಗಿ ಗಾಳಿ ತುಂಬಿಸುವುದೂ ಇದೇ ಸಾಲಿನದು.

ಅತಿದೇಶ

ಒಂದು ಕಡೆ ಸಿದ್ಧವಾದ ವಿಧಿಯನ್ನು ಅದರಂಥ ಇನ್ನೊಂದಕ್ಕೆ ಒಯ್ಯುವುದು ಅತಿದೇಶ. ಎಲೆಕ್ಟ್ರಿಕ್ ಕಾರುಗಳಿಗೆ ಈ ನಿರ್ಣಯ ಅನ್ವಯಿಸುತ್ತದೆಯೇ? ಕಾರಣ ಎಷ್ಟು ದೂರ ಬರುತ್ತದೋ ವಿಧಿಯೂ ಅಷ್ಟೇ ದೂರ ಬರಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಗೇರು ಬದಲಾಗುವುದೇ ಇಲ್ಲ, ಮೋಟಾರು ಕಡಿಮೆ ಸುತ್ತಿನಲ್ಲೂ ಪೂರ್ತಿ ಬಲ ಕೊಡುತ್ತದೆ. ಹಾಗಾಗಿ ಘಾಟಿಯಲ್ಲಿ ಗೇರಿನ ತಡವರಿಕೆ ಎಂಬ ಕಾರಣ ಇಲ್ಲಿಲ್ಲ. ಇಕೋದಲ್ಲಿ ಸಿಗುವ ಶಕ್ತಿ ತುಂಬಿದ ಗಾಡಿಯನ್ನು ತಿರುವಿನಲ್ಲಿ ಎಳೆಯಲು ಸಾಕಾದರೆ ಆಗುಂಬೆಯವರೆಗೂ ಅದರಲ್ಲೇ ಹೋಗಬಹುದು. ಓವರ್‌ಟೇಕ್‌ನ ಅಪವಾದ, ಮಬ್ಬಾದ ಗಾಜಿನ ಅಪವಾದ ಮಾತ್ರ ಹಾಗೆಯೇ ಉಳಿಯುತ್ತವೆ. ಇಳಿಯುವಾಗ ಏರಿದ ಶಕ್ತಿಯ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ, ಪೆಟ್ರೋಲ್ ಗಾಡಿಗೆ ಇಲ್ಲದ ಭಾಗ್ಯವದು. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿದ ಶಕ್ತಿಗೆ ಜಾಗವಿರುವುದಿಲ್ಲ, ಮೋಟಾರಿನ ಹಿಡಿತ ಸಡಿಲವಾಗಿ ಭಾರವೆಲ್ಲ ಮತ್ತೆ ಬ್ರೇಕಿನ ಮೇಲೇ ಬೀಳುತ್ತದೆ. ಆಗುಂಬೆಯಲ್ಲಿ ಉಳಿದು ಚಾರ್ಜ್ ಮಾಡುವವರು ನೂರಕ್ಕೆ ನೂರು ತುಂಬಿಸದೆ ಸ್ವಲ್ಪ ಜಾಗ ಬಿಟ್ಟು ಹೆಬ್ರಿಯ ಕಡೆ ಇಳಿಯಬೇಕು.