ಕಂಠವೂ ವೈದ್ಯನ ಮಾತೂ

ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಎಚ್ಚೆತ್ತವನು ಗಂಟಲು ನೋಯುತ್ತದೆಂದರೆ, ಹೊಟ್ಟೆಗೂ ಗಂಟಲಿಗೂ ಏನು ಸಂಬಂಧವೆಂದು ಮನೆಯವರು ಬೆರಗಾಗುವುದುಂಟು. ಸಂಬಂಧವು ಅರಿವಳಿಕೆಯದು. ಪೂರ್ಣವಾಗಿ ಅರಿವು ತಪ್ಪಿದವನ ಉಸಿರನ್ನು ಕಾಪಾಡಲು ಅನೇಕ ವೇಳೆ ಬಾಯಿಯ ಮೂಲಕ ಶ್ವಾಸನಾಳದೊಳಕ್ಕೆ ಒಂದು ನಳಿಗೆಯನ್ನು ಇಳಿಸುತ್ತಾರೆ. 1880ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ವಿಲಿಯಂ ಮೆಕ್ಯೂಯೆನ್ ಪ್ರಕಟಪಡಿಸಿದ ಈ ಕ್ರಮದಿಂದ ಉಳಿದ ಪ್ರಾಣಗಳು ಅಸಂಖ್ಯ. ಆದರೆ ನಳಿಗೆಯು ಹಾದುಹೋಗಬೇಕಾದುದು ಎರಡು ಧ್ವನಿತಂತುಗಳ ನಡುವಣ ಸಂದಿಯಲ್ಲಿಯೇ. ಜೀವಂತ ಕಂಠದ ಆ ಸಂದಿಯನ್ನು ಕನ್ನಡಿಯ ಸಹಾಯದಿಂದ ಕಂಡು, 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ ಮ್ಯಾನ್ಯುಯೆಲ್ ಗಾರ್ಸಿಯಾ ವೈದ್ಯನಲ್ಲ, ಸಂಗೀತದ ಗುರು! ಸ್ವರದ ಗುಟ್ಟನ್ನರಸಿ ಆತನು ಇಣುಕಿದ ಬಾಗಿಲೇ ಇಂದು ನಳಿಗೆಯ ದಾರಿ.

ಬಹುಮಂದಿಗೆ ನೋವೂ ಸ್ವರದ ಒಡಕೂ ಕೆಲವು ದಿನಗಳಲ್ಲಿ ಅಡಗುತ್ತವೆ. ಅಪೂರ್ವವಾಗಿ ತಂತುವಿಗೆ ಗಾಯವಾಗುವುದು, ಅದು ಚಲನೆ ಕಳೆದುಕೊಳ್ಳುವುದು, ಇಲ್ಲವೆ ಅದನ್ನು ಆಡಿಸುವ ಪುಟ್ಟ ಮೃದ್ವಸ್ಥಿಯ ಕೀಲು ತಪ್ಪುವುದು ಉಂಟು. ಆಗ ಸ್ವರವು ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿಯೇ, ಕೆಡಬಹುದು.

ಇಷ್ಟು ಅಪೂರ್ವವಾದುದನ್ನು ರೋಗಿಗೆ ಮೊದಲೇ ಹೇಳಬೇಕೆ? ಬೇಡವೆನ್ನುವವರ ವಾದ ಹಗುರವಾದುದಲ್ಲ. ಮೊದಲೇ ಅಂಜಿದವನು ಮತ್ತಷ್ಟು ಹೆದರಿ ಅಗತ್ಯವಾದ ಚಿಕಿತ್ಸೆಯನ್ನೇ ತೊರೆದರೆ ಅದರ ಹೊಣೆ ಯಾರದು? ಆದರೆ ಅಪಾಯವನ್ನು ಎಣಿಕೆಯೊಂದರಿಂದಲೇ ಅಳೆಯಲಾಗದು. 1992ರಲ್ಲಿ ಆಸ್ಟ್ರೇಲಿಯದ ಉಚ್ಚತಮ ನ್ಯಾಯಾಲಯವು ಒಬ್ಬ ಮಹಿಳೆಯ ಮೊಕದ್ದಮೆಯನ್ನು ತೀರ್ಮಾನಿಸಿತು. ಬಾಲ್ಯದಿಂದ ಆಕೆಗೆ ಒಂದು ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ಆ ಕಣ್ಣಿಗೆ ಮಾಡಿದ ಶಸ್ತ್ರಕ್ರಿಯೆಯಿಂದ ಒಳ್ಳೆಯ ಕಣ್ಣಿನ ದೃಷ್ಟಿಯೂ ಹೋಯಿತು. ಹಾಗಾಗುವ ಸಂಭವ ಸುಮಾರು 14,000ಕ್ಕೆ ಒಂದು. ಆದರೂ ಆಕೆ ತನ್ನ ಒಳ್ಳೆಯ ಕಣ್ಣಿನ ವಿಷಯವಾಗಿ ಮತ್ತೆ ಮತ್ತೆ ಕೇಳಿದ್ದಳಾದುದರಿಂದ, ವೈದ್ಯನು ಹೇಳಬೇಕಾಗಿತ್ತೆಂದೇ ತೀರ್ಪಾಯಿತು. ಎಲ್ಲರಿಗೂ ಅಲ್ಪವಾದುದು ಆಕೆಗೆ ಸರ್ವಸ್ವವಾಗಿತ್ತು.

ಕಂಠದ ಮಾತೂ ಹೀಗೆಯೇ. ಒಡಕು ದನಿಯಿಂದ ಲೆಕ್ಕ ಬರೆಯುವವನ ಬಾಳು ನಡೆದೀತು. ಗಾಯಕಿಯದು, ಉಪಾಧ್ಯಾಯನದು ನಡೆಯದು. ಮೊದಲೇ ಕಸಬನ್ನು ಕೇಳಿದ ವೈದ್ಯನು ತುಸು ಸಣ್ಣ ನಳಿಗೆಯನ್ನು ಆರಿಸಬಹುದು. ಶಸ್ತ್ರಕ್ರಿಯೆ ಒಪ್ಪುವಂತಿದ್ದರೆ ದೇಹದ ಆ ಭಾಗವನ್ನಷ್ಟೇ ಜೋಮುಗೊಳಿಸಬಹುದು. ಹೇಳದಿರುವುದರಿಂದ ಇನ್ನೊಂದು ಕೇಡೂ ಉಂಟು, ಇದನ್ನು ವಾದಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ತಿಳಿದವನು ಎರಡು ವಾರವಾದರೂ ಸ್ವರ ತಿಳಿಯಾಗದಿದ್ದರೆ ಗಂಟಲ ವೈದ್ಯರ ಬಳಿಗೆ ಹೋಗುತ್ತಾನೆ. ತಿಳಿಯದವನು ಶೀತವೆಂದು ಬಗೆದು ಕಷಾಯ ಕುಡಿಯುತ್ತ ಮನೆಯಲ್ಲಿ ಕೂರುತ್ತಾನೆ. ತಪ್ಪಿದ ಕೀಲನ್ನು ಬೇಗನೆ ಕಂಡರೆ ಸ್ವಸ್ಥಾನಕ್ಕೆ ತರುವುದು ಸುಲಭ, ತಡವಾದಷ್ಟೂ ಅದು ಅಲ್ಲಿಯೇ ಬಿಗಿದುಕೊಳ್ಳುತ್ತದೆ.