ಹುಟ್ಟಿದ ದಿನದ ಲೆಕ್ಕ

ಬಾಲ್ ಪೈಥಾನ್ ಘಾನಾ, ಟೋಗೊ, ಬೆನಿನ್ ಸೀಮೆಯ ಹಾವು. ಅಮೆರಿಕದಲ್ಲಿ ಅದನ್ನು ಬಣ್ಣಕ್ಕಾಗಿ ಸಾಕಿ, ಮರಿ ಮಾಡಿಸಿ ಮಾರುತ್ತಾರೆ. ಆಲ್ಬಿನೋ ಬಣ್ಣದ ವಂಶವಾಹಿ ದುರ್ಬಲ ಜಾತಿಯದು. ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದರೆ ಮಾತ್ರ ಮೈ ಹಳದಿ-ಬಿಳುಪು, ಕಣ್ಣು ಕೆಂಪು. ಒಂದೇ ಬಂದ ಹಾವು ನೋಡಲು ಸಾದಾ ಕಂದು. ಸಾಕುವವರು ಅದನ್ನು ‘ಹೆಟ್’ ಎನ್ನುತ್ತಾರೆ. ಎರಡು ಹೆಟ್‌ಗಳನ್ನು ಕೂಡಿಸಿದರೆ ಹುಟ್ಟುವ ಕಂದು ಮರಿಗಳಲ್ಲಿ ಮೂರಕ್ಕೆರಡು ಪಾಲು ಹೆಟ್. ಯಾವುದು ಹೌದು, ಯಾವುದು ಅಲ್ಲ ಎಂದು ಕಣ್ಣಿಗೆ ತಿಳಿಯದು. ಹಾಗಾಗಿ ಪ್ರತಿ ಮರಿಗೂ ‘ಶೇ. 66 ಹೆಟ್’ ಎಂಬ ಚೀಟಿ, ಅದಕ್ಕೆ ತಕ್ಕ ಬೆಲೆ. ಇಲ್ಲಿಯವರೆಗೆ ವ್ಯಾಪಾರ ನೇರವಾಗಿದೆ.

ಈಗ ಒಂದು ಪ್ರಕರಣ ಇಟ್ಟುಕೊಳ್ಳೋಣ. ಒಬ್ಬಾತ ಅಂಥ ಹೆಣ್ಣುಮರಿಯೊಂದನ್ನು ಕೊಂಡು ಬೆಳೆಸಿ ಆಲ್ಬಿನೋ ಗಂಡಿನ ಜೊತೆ ಬಿಟ್ಟ. ಐದು ಮೊಟ್ಟೆ, ಐದೂ ಕಂದು ಮರಿ. ಆಮೇಲೆ ಆ ಹೆಣ್ಣನ್ನು ಹಳೆಯ ಚೀಟಿಯ ಮೇಲೆಯೇ ಮಾರಿದ. ‘ನಾನು ಸುಳ್ಳು ಹೇಳಿಲ್ಲ, ಕೊಂಡಾಗ ಇದ್ದದ್ದೇ ಅಷ್ಟು’ ಎಂಬುದು ಅವನ ವಾದ.

ಲೆಕ್ಕ ಮಾಡಿ ನೋಡಿ. ಅಂಥ 96 ಹೆಣ್ಣುಗಳಲ್ಲಿ 64 ಹೆಟ್, 32 ಅಲ್ಲ. ಹೆಟ್ ಹೆಣ್ಣಿನ ಪ್ರತಿ ಮೊಟ್ಟೆಯೂ ಆಲ್ಬಿನೋ ಆಗಲು ಅರ್ಧ ಅವಕಾಶ. ಐದಕ್ಕೆ ಐದೂ ಕಂದಾಗುವುದು 32ರಲ್ಲಿ ಒಮ್ಮೆ. ಅಂದರೆ ಆ 64ರಲ್ಲಿ ಎರಡು ಹೆಣ್ಣುಗಳಿಗೆ ಮಾತ್ರ. ಹೆಟ್ ಅಲ್ಲದ 32ಕ್ಕೂ ಎಲ್ಲ ಮರಿ ಕಂದೇ. ಒಟ್ಟು 34ರಲ್ಲಿ ಎರಡು, ಶೇಕಡ ಆರಕ್ಕೂ ಕಡಿಮೆ.

ಆ ಹಾವು ಹುಟ್ಟಿನಿಂದಲೂ ಹೆಟ್ ಆಗಿತ್ತು ಅಥವಾ ಆಗಿರಲಿಲ್ಲ. ಅದರ ಮೈಯಲ್ಲಿ ಶೇ. 66 ಎಂಬುದೇನೂ ಇಲ್ಲ. ಆ ಅಂಕಿ ಮಾರುವವನಿಗೆ ಗೊತ್ತಿದ್ದಷ್ಟರ ಅಳತೆ. ಗೊತ್ತಿರುವುದು ಬದಲಾದ ಮೇಲೂ ಹಳೆಯ ಅಂಕಿ ಹೇಳಿದರೆ ಅದು ಸುಳ್ಳೇ. ಅದರ ದಂಡ ತೆರುವವನು ಮುಂದಿನ ಕೊಳ್ಳುಗ: ವರ್ಷಗಟ್ಟಲೆ ಇಲಿ ಹಾಕಿ ಸಾಕಿ, ಬಾರದ ಬಣ್ಣಕ್ಕೆ ಕಾಯುತ್ತಾನೆ. ಹಾವಿನ ಪಾಡೂ ಇದೆ. ಮೊಟ್ಟೆ ಕಟ್ಟುವ ಕಾಲದಲ್ಲಿ ಹೆಣ್ಣು ಸಾಮಾನ್ಯವಾಗಿ ಮೇವು ಬಿಡುತ್ತದೆ, ಸೊರಗುತ್ತದೆ. ಬಣ್ಣ ಬರಲಿಲ್ಲವೆಂದು ಅದನ್ನು ಮತ್ತೆ ಮತ್ತೆ ಗಂಡಿನ ಜೊತೆ ಬಿಡುವುದು ನನಗೆ ಸಹಿಸಲಾಗದ ಕ್ರೌರ್ಯ.

ತಿಳಿಯಲು ದಾರಿಯಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ. ಹಾವು ಬಿಟ್ಟ ಪೊರೆಯಿಂದಲೇ ಈ ವಂಶವಾಹಿಯನ್ನು ಪರೀಕ್ಷಿಸಬಹುದು.

ಆತ ಮಾಡಿದ್ದು ಮೋಸ. ಹಣ ಹಿಂದಿರುಗಿಸಬೇಕು. ಬೆಳೆದ ಹೆಣ್ಣು ಹಾವನ್ನು ‘ಇರಬಹುದು’ ಎಂಬ ಚೀಟಿಯ ಮೇಲೆ ಕೊಳ್ಳುವವರು, ಅದು ಈವರೆಗೆ ಇಟ್ಟ ಮೊಟ್ಟೆಗಳ ಲೆಕ್ಕವನ್ನು ಮೊದಲು ಕೇಳಿ ಪಡೆಯಿರಿ.