ಕೇಳಿಸಲಿಲ್ಲ ಎಂದರೆ ಸಾಕೆ?

ಅಂಕೋಲೆಯಿಂದ ಹುಬ್ಬಳ್ಳಿ ಕಡೆಗೆ ಹೊರಟರೆ, ಸುಂಕಸಾಳ ಬರುವ ಹೊತ್ತಿಗೆ ಕಡಲ ಸೆಕೆ ಹಿಂದೆ ಬಿದ್ದು ಕಾಡಿನ ತಂಪು ಶುರುವಾಗಿರುತ್ತದೆ. ಮುಂದೆ ರಾಮನಗುಳಿ, ಗುಳ್ಳಾಪುರ, ಆಮೇಲೆ ಅರಬೈಲ್ ಘಾಟಿ. ಸರ್ಕಾರಿ ಲೆಕ್ಕದಲ್ಲಿ ಇದು ಈಗ ರಾಷ್ಟ್ರೀಯ ಹೆದ್ದಾರಿ 52. ನಮ್ಮ ಕಡೆಯವರ ಬಾಯಲ್ಲಿ ಇನ್ನೂ 63. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಈ ರಸ್ತೆಯಲ್ಲಿ ಕೆಲವೇ ನಿಮಿಷ ನಡೆದ ಒಂದು ಸಂಗತಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಅದನ್ನು ಹೇಳುವ ಮೊದಲು ಒಂದು ಕಾರಿನ ಕಥೆ ಹೇಳಬೇಕು.

ಕಾರು ನನ್ನ ದೊಡ್ಡಪ್ಪನ ಮಗನದು. ಸುಂಕಸಾಳದ ಹತ್ತಿರ ತೋಟದ ಮನೆ, ಕೆಲಸ ಬೆಂಗಳೂರಿನಲ್ಲಿ. ಹತ್ತು ವರ್ಷ ದುಡಿದು ಕೂಡಿಟ್ಟ ಹಣದಲ್ಲಿ ಅಣ್ಣ ಕಾರು ಕೊಳ್ಳುತ್ತೇನೆ ಎಂದಾಗ ಊರವರೆಲ್ಲ ಎತ್ತರದ ಎಸ್‌ಯುವಿ ತಗೋ, ಮಣ್ಣು ರಸ್ತೆಗೆ ಒಳ್ಳೆಯದು ಎಂದರು. ಅವನಿಗೆ ಸೆಡಾನೇ ಬೇಕಿತ್ತು. ಕಾರಿನ ಭಾರ ನೆಲಕ್ಕೆ ಹತ್ತಿರವಿದ್ದಷ್ಟೂ ತಿರುವಿನಲ್ಲಿ ಅದು ವಾಲುವುದು ಕಡಿಮೆ. ಘಾಟಿಯಲ್ಲಿ ಬೆಳೆದವನಿಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಿಲ್ಲ.

ಎರಡು ತಿಂಗಳು ಅವನು ಹೋಲಿಕೆಯಲ್ಲೇ ಮುಳುಗಿದ್ದ. ರಾತ್ರಿ ಫೋನು ಮಾಡಿ ನನಗೂ ಪಾಠ ಹೇಳುತ್ತಿದ್ದ. ಹೋಂಡಾ ಸಿಟಿಯ 1.5 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಟರ್ಬೊ ಇಲ್ಲ. 121 ಪಿಎಸ್ ಶಕ್ತಿ, 145 ಎನ್‌ಎಂ ಟಾರ್ಕ್, ಆ ಟಾರ್ಕ್ ಪೂರ್ತಿ ಸಿಗಬೇಕಾದರೆ ಎಂಜಿನ್ 4300 ಸುತ್ತು ತಿರುಗಬೇಕು. ಹ್ಯುಂಡೈ ವರ್ನಾ ಟರ್ಬೊ 160 ಪಿಎಸ್, 253 ಎನ್‌ಎಂ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 150 ಪಿಎಸ್, 250 ಎನ್‌ಎಂ, ಅದೂ 1600 ಸುತ್ತಿನಿಂದಲೇ. ಸ್ಕೋಡಾ ಸ್ಲಾವಿಯಾಕ್ಕೂ ಅದೇ ಎಂಜಿನ್, ಅದೇ ತಳಪಾಯ. ಕಾಗದದ ಮೇಲೆ ವರ್ನಾ ಹತ್ತು ಪಿಎಸ್ ಮುಂದೆ. ಆದರೆ ಮೂರನ್ನೂ ಓಡಿಸಿ ನೋಡಿದ ಮೇಲೆ ಅವನು ವರ್ಟಸ್‌ಗೆ ಒಲಿದ. "ಸ್ಟಿಯರಿಂಗ್ ಹಿಡಿದರೆ ರಸ್ತೆ ಅಂಗೈಗೆ ಗೊತ್ತಾಗ್ತು" ಎಂದ.

ಅಷ್ಟಕ್ಕೇ ಮುಗಿಯಲಿಲ್ಲ. ವರ್ಷದೊಳಗೆ ಸಸ್ಪೆನ್ಷನ್ ಬದಲಾಯಿತು. ಹಳ್ಳ ಬಂದಾಗ ಪೆಟ್ಟು ತಿನ್ನುವುದು ಸ್ಪ್ರಿಂಗ್. ತಿಂದ ಪೆಟ್ಟಿಗೆ ಅದು ಸುಮ್ಮನೆ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುತ್ತ ಆ ಕುಣಿತವನ್ನು ಶಾಖವಾಗಿ ಕರಗಿಸುತ್ತದೆ. ಕಂಪನಿ ಇವೆರಡನ್ನೂ ಎಲ್ಲರಿಗೂ ಹೊಂದುವಂತೆ ಮೆತ್ತಗೆ ಇಟ್ಟಿರುತ್ತದೆ. ಅಣ್ಣ ಬಿಗಿಯಾದ ಜೋಡಿ ಹಾಕಿಸಿದ. ಕಾರನ್ನು ನೆಲಕ್ಕೆ ತೀರಾ ಇಳಿಸಲಿಲ್ಲ. ಈ ಕಾರಿನ ತಳಕ್ಕೂ ನೆಲಕ್ಕೂ ಇರುವುದು 179 ಮಿಲಿಮೀಟರ್, ಅದರಲ್ಲಿ ಹೆಚ್ಚು ಕಳೆದುಕೊಂಡರೆ ಊರಿನ ಹಂಪ್ಸ್ ಬಿಡುವುದಿಲ್ಲ.

ಆಮೇಲೆ ಆಡಿಯೊ. ಬಾಗಿಲಿನ ತಗಡಿಗೆ ಒಳಗಿನಿಂದ ದಪ್ಪ ರಬ್ಬರಿನಂಥ ಹಾಳೆ ಅಂಟಿಸಿದರು. ತಗಡು ಹಾಡಿನ ಜೊತೆ ತಾನೂ ಅದುರಬಾರದು ಎಂದು. ಅದರಿಂದ ಹೊರಗಿನ ಸದ್ದೂ ಅಷ್ಟು ಕಡಿಮೆಯಾಯಿತು. ಸಣ್ಣ ದನಿಗೆ ಟ್ವೀಟರ್, ಮಧ್ಯದ್ದಕ್ಕೆ ಬಾಗಿಲಿನ ಸ್ಪೀಕರ್, ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರ್, ಎಲ್ಲಕ್ಕೂ ಆಂಪ್ಲಿಫೈಯರ್. ಪರೀಕ್ಷೆಗೆ ಅವನು ಹಾಕಿದ್ದು ಕಾಳಿಂಗ ನಾವಡರ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಯಕ್ಷಗಾನದ ಪದಗಳನ್ನು. ಟೇಪಿನ ಸರಬರ ಸದ್ದೂ ಸ್ಪಷ್ಟವಾಗಿ ಕೇಳಿತು. ಆದರೆ ಮದ್ದಳೆಯ ಪೆಟ್ಟು ಬೆನ್ನಿಗೇ ತಾಗಿತು, ಚಂಡೆ ಎದುರಿಗೇ ಇದ್ದಂತಾಯಿತು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ ಭಾಗವತರು ಪಕ್ಕದಲ್ಲಿ ಕೂತು ಹಾಡಿದಂತೆ. ನಾನು ಹುಟ್ಟುವ ಮೊದಲೇ ನಿಂತ ದನಿ ಅದು. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಖುಷಿ ನಿಜವಾದದ್ದು, ಅದರಲ್ಲಿ ನನಗೂ ಪಾಲಿತ್ತು.

ಆ ಮಧ್ಯಾಹ್ನ ಅಣ್ಣ ನನ್ನನ್ನು ಯಲ್ಲಾಪುರದ ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟಿದ್ದ. ನಾನು ಅಲ್ಲಿಂದ ಧಾರವಾಡಕ್ಕೆ ಹೋಗಬೇಕಿತ್ತು. ಹನಿ ಕಡಿಯದ ಮಳೆ. ಗಾಜು ಏರಿಸಿ ಎಸಿ ಹಾಕಿದ್ದೆವು. ಸುಂಕಸಾಳ ದಾಟುತ್ತಲೇ ದನಿ ಏರಿಸಿದವನು ನಾನು. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಒಂದು ಬಿಳಿ ಓಮ್ನಿ ಕಂಡಿತು. ಸೆಡಾನ್‌ನ ಹಿಂದಿನ ಗಾಜಿಗೆ ವೈಪರ್ ಇಲ್ಲ. ನೀರು ಹರಿಯುವ ಗಾಜಿನಲ್ಲಿ ಕಂಡದ್ದು ಬಿಳಿ ಬಣ್ಣ ಮತ್ತು ಮೇಲೆ ಕೆಳಗೆ ಮಿನುಗುವ ಹೆಡ್‌ಲೈಟು.

"ಓಮ್ನಿ ಬೆನ್ನು ಹತ್ತಿದ್ದು ನೋಡಾ ತಮ್ಮಾ" ಎಂದು ಅಣ್ಣ ನಕ್ಕ. ನಾನೂ ನಕ್ಕೆ. ಅವನು ಕಾಲು ಒತ್ತಿದ. ಹೊಸ ಸಸ್ಪೆನ್ಷನ್ ಮೇಲೆ ಕಾರು ತಿರುವುಗಳನ್ನು ಹಗ್ಗ ಹಿಡಿದಂತೆ ದಾಟಿತು, ಓಮ್ನಿ ಹಿಂದೆ ಬಿತ್ತು. ನೇರ ರಸ್ತೆಯಲ್ಲಿ ನಾವು ನಿಧಾನ ಮಾಡಿದಾಗ ಮತ್ತೆ ಕಂಡಿತು. ಮತ್ತೆ ತಿರುವು, ಮತ್ತೆ ವೇಗ. ಹೀಗೆ ಎರಡು ಮೂರು ಸಲ. ಗುಳ್ಳಾಪುರ ಕಳೆದು ಘಾಟಿ ಏರುವಲ್ಲಿ ಮುಂದೆ ಲಾರಿ ಅಡ್ಡವಾಯಿತು. ಅಷ್ಟರಲ್ಲಿ ಪದ ಮುಗಿದು, ಮುಂದಿನದು ಶುರುವಾಗುವ ಮುನ್ನ ಎರಡು ಮೂರು ಸೆಕೆಂಡು ಮೌನ. ಆ ಮೌನದಲ್ಲಿ ಸೈರನ್ ಕೇಳಿಸಿತು.

ಅಣ್ಣ ಕಾರನ್ನು ಎಡಕ್ಕೆ ಎಳೆದು ನಿಲ್ಲಿಸಿದ. ಆಂಬುಲೆನ್ಸ್ ದಾಟಿ ಹೋಯಿತು. ಚಾಲಕ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಬೈಯಲೂ ಅವನಿಗೆ ಪುರುಸೊತ್ತಿರಲಿಲ್ಲ.

"ಯಂಗೆ ಕೇಳಿದ್ದೇ ಇಲ್ಲೆ" ಎಂದ ಅಣ್ಣ. ನಾನೂ ಅದನ್ನೇ ಹೇಳಿದೆ. ಇಬ್ಬರೂ ಹೇಳಿದ್ದು ನಿಜ.

ನಮ್ಮ ಜಿಲ್ಲೆಯವರಿಗೆ ಆಂಬುಲೆನ್ಸ್ ಎಂದರೇನು ಎಂದು ವಿವರಿಸಬೇಕಿಲ್ಲ. ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಇಲ್ಲವೇ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಬೀದಿಗಿಳಿದದ್ದು, ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎಂದದ್ದು ಇದೇ ಕಾರಣಕ್ಕೆ. ಇಲ್ಲಿ ರಸ್ತೆಯೇ ಆಸ್ಪತ್ರೆಯ ಮೊದಲ ವಾರ್ಡು. ಆ ಓಮ್ನಿಯಲ್ಲಿ ಯಾರಿದ್ದರು, ಅವರಿಗೆ ಮುಂದೇನಾಯಿತು, ನಮಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಏನೂ ಆಗಿರಲಿಕ್ಕಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ಆ ಸಮಾಧಾನವನ್ನು ನಮಗೆ ಕೊಡಬಲ್ಲವರು ಆ ಗಾಡಿಯಲ್ಲಿದ್ದವರು ಮಾತ್ರ.

ಹಾಗಾದರೆ, ಕೇಳಿಸಲಿಲ್ಲ ಎನ್ನುವುದು ನಿಜವಾಗಿದ್ದರೆ ಅದು ಸಾಕೆ? ಸಾಮಾನ್ಯವಾಗಿ ಸಾಕು. ತಿಳಿಯದೆ ಮಾಡಿದ್ದಕ್ಕೆ ನಾವು ಯಾರನ್ನೂ ದೂರುವುದಿಲ್ಲ. ಆದರೆ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಒಂದು ವ್ಯತ್ಯಾಸ ತೋರಿಸುತ್ತಾನೆ. ಕುಡಿದು ತಪ್ಪು ಮಾಡಿದವನಿಗೆ ಇಮ್ಮಡಿ ಶಿಕ್ಷೆ ವಿಧಿಸುವ ಕಾನೂನನ್ನು ಅವನು ಉದಾಹರಿಸುತ್ತಾನೆ. ಕುಡಿದಾಗ ಅವನಿಗೆ ತಿಳಿಯಲಿಲ್ಲ, ಒಪ್ಪೋಣ. ಆದರೆ ಆ ತಿಳಿಯದಿರುವಿಕೆಯ ಮೂಲ ಅವನಲ್ಲೇ ಇತ್ತು. ಕುಡಿಯದೆ ಇರಬಹುದಿತ್ತು. ಅಂದರೆ ಅಜ್ಞಾನದಲ್ಲಿ ಎರಡು ಬಗೆ: ಬಂದೊದಗಿದ್ದು, ನಾವೇ ತಂದುಕೊಂಡದ್ದು. ನಮ್ಮದು ಎರಡನೆಯದು. ನಮ್ಮ ಕಿವಿಯನ್ನು ಯಾರೂ ಮುಚ್ಚಿರಲಿಲ್ಲ. ದುಡ್ಡು ಕೊಟ್ಟು, ಬಾಗಿಲು ಬಿಚ್ಚಿಸಿ, ಹಾಳೆ ಅಂಟಿಸಿ, ಮೇಲೆ ದನಿ ಏರಿಸಿ ನಾವೇ ಮುಚ್ಚಿಕೊಂಡದ್ದು.

ಕಾನೂನು ಇಷ್ಟು ಆಳಕ್ಕೆ ಹೋಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಇ ಕಲಮಿನ ಪ್ರಕಾರ ಆಂಬುಲೆನ್ಸಿಗೆ ದಾರಿ ಬಿಡದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಅದು ಕೇಳುವುದು ದಾರಿ ಬಿಟ್ಟೆಯಾ ಇಲ್ಲವಾ ಎಂದಷ್ಟೇ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಿನ್ನನ್ನು ನೀನು ಇಟ್ಟುಕೊಂಡಿದ್ದೆಯಾ ಎಂದು ಕೇಳಬೇಕಾದವರು ನಾವೇ.

ಅಣ್ಣ ಸುಮ್ಮನೆ ಒಪ್ಪುವವನಲ್ಲ. ಆ ರಾತ್ರಿ ಫೋನಿನಲ್ಲಿ ವಾದ ಮಾಡಿದ. ಮಳೆಯಲ್ಲಿ ಗಾಜು ಏರಿಸಿದರೆ ಯಾವ ಕಾರಿನಲ್ಲೂ ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ನನ್ನ ಸ್ಪೀಕರನ್ನೇ ಯಾಕೆ ಹಿಡಿಯುತ್ತಿ ಎಂದ. ಇದರಲ್ಲಿ ಹುರುಳಿದೆ. ಆದರೆ ಕಡಿಮೆ ಕೇಳುವ ಕಡೆ ಇನ್ನಷ್ಟು ಎಚ್ಚರ ಬೇಕು ಎಂಬುದಕ್ಕೆ ಅದು ಕಾರಣವಾಗಬೇಕೇ ಹೊರತು, ಉಳಿದದ್ದನ್ನೂ ಮುಚ್ಚಲು ಪರವಾನಗಿಯಲ್ಲ. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಸದ್ದಿನ ತೀವ್ರತೆ ಹತ್ತು ಪಟ್ಟಾಗುತ್ತದೆ, ಕಿವಿಗೆ ಮಾತ್ರ ಸುಮಾರು ಇಮ್ಮಡಿ ಎನಿಸುತ್ತದೆ. ನಾವು ಏರಿಸಿದ್ದು ಎಷ್ಟೆಂದು ನಮ್ಮ ಕಿವಿಯೇ ನಮಗೆ ಸರಿಯಾಗಿ ಹೇಳುವುದಿಲ್ಲ.

ಅವನ ಎರಡನೆಯ ವಾದ ಇನ್ನೂ ಗಟ್ಟಿ. ಸಸ್ಪೆನ್ಷನ್ ಹಾಕಿಸಿದ್ದು ಸುರಕ್ಷತೆಗೆ, ಅದರಿಂದ ಯಾರಿಗೂ ಕೇಡಿಲ್ಲ ಎಂದ. ಕಾರು ರಸ್ತೆಯನ್ನು ಬಿಗಿಯಾಗಿ ಹಿಡಿದರೆ ಒಳ್ಳೆಯದೇ. ಆದರೆ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳ ಒಂದು ಪ್ರಯೋಗ ನೆನಪಾಯಿತು. ಅಲ್ಲಿ ಕೆಲವು ಟ್ಯಾಕ್ಸಿಗಳಿಗೆ ಎಬಿಎಸ್ ಬ್ರೇಕ್ ಹಾಕಿ, ಉಳಿದವನ್ನು ಹಾಗೇ ಬಿಟ್ಟು ನೋಡಿದರು. ಒಳ್ಳೆಯ ಬ್ರೇಕಿನ ಟ್ಯಾಕ್ಸಿಗಳ ಅಪಘಾತ ಕಡಿಮೆಯಾಗಲಿಲ್ಲ. ಬ್ರೇಕ್ ಕೊಟ್ಟ ಹೆಚ್ಚಿನ ಭದ್ರತೆಯನ್ನು ಚಾಲಕರು ಬಿರುಸಾಗಿ ಓಡಿಸುವುದಕ್ಕೆ ಖರ್ಚು ಮಾಡಿಬಿಟ್ಟಿದ್ದರು. ಗೆರಾಲ್ಡ್ ವೈಲ್ಡ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಉದಾಹರಿಸಿ ವಾದಿಸಿದ: ಅಪಾಯ ಇಷ್ಟಿರಲಿ ಎಂದು ಪ್ರತಿಯೊಬ್ಬನೂ ಒಳಗೇ ಒಂದು ಗುರುತು ಇಟ್ಟುಕೊಂಡಿರುತ್ತಾನೆ, ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಅದನ್ನು ತುಂಬಿಕೊಳ್ಳುತ್ತಾನೆ. ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಆ ಮಧ್ಯಾಹ್ನ ನಮ್ಮ ಕಾರಿನಲ್ಲಿ ಆದದ್ದು ಇದೇ. ಅಣ್ಣ ಸಸ್ಪೆನ್ಷನ್ನಿಗೆ ಹಣ ಕೊಟ್ಟು ಕೊಂಡ ಭದ್ರತೆ ಓಮ್ನಿಯನ್ನು ಹಿಂದೆ ಹಾಕುವ ಆಟಕ್ಕೆ ಹೋಯಿತು.

ಹಾಗೆಂದು ವೇಗವೇ ಕೆಟ್ಟದ್ದು ಎನ್ನಲೇ? 1909ರ 'ಹಿಂದ್ ಸ್ವರಾಜ್'ನಲ್ಲಿ ಗಾಂಧೀಜಿ ರೈಲನ್ನು ವಿರೋಧಿಸುತ್ತ, ಒಳಿತು ನಿಧಾನವಾಗಿ ನಡೆಯುತ್ತದೆ, ಕೆಡುಕಿಗೆ ರೆಕ್ಕೆಯಿದೆ ಎಂಬರ್ಥದ ಮಾತು ಹೇಳುತ್ತಾರೆ. ಬಹಳ ದಿನ ನನಗೆ ಅದು ಸರಿ ಎನಿಸಿತ್ತು. ಆದರೆ ಆ ದಿನ ನಮಗಿಂತ ಹೆಚ್ಚು ವೇಗ ಬೇಕಾಗಿದ್ದದ್ದು ನಮ್ಮ ಹಿಂದಿದ್ದವರಿಗೆ. ಒಳಿತಿಗೂ ಕೆಲವು ಸಲ ಅವಸರವಿರುತ್ತದೆ. ಆದ್ದರಿಂದ ಕಾರು ಎಷ್ಟು ಓಡುತ್ತದೆ, ಎಷ್ಟು ದುಬಾರಿ, ಎಷ್ಟು ಚೆನ್ನಾಗಿ ಹಾಡುತ್ತದೆ ಎಂಬುದಕ್ಕಿಂತ ಬೇರೆಯದೇ ಪ್ರಶ್ನೆ ಇಲ್ಲಿದೆ: ನಾನು ಮಾಡಿಕೊಂಡ ಸುಧಾರಣೆ, ದಾರಿ ಕೇಳುವವನ ದನಿ ನನ್ನನ್ನು ಮುಟ್ಟಲು ಬಿಡುತ್ತದೆಯೇ?

ಈ ರಸ್ತೆಯಲ್ಲಿ ದಾರಿ ಬಿಡುವುದು ಸಣ್ಣ ಸೌಜನ್ಯವಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿತು. ಮೂಟೆಗಳ ಜೊತೆ ಪ್ರಯಾಣ ಮಾಡುತ್ತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಹೀಗಾಯಿತು ಎಂದು ಪೊಲೀಸರು ಆಗ ಹೇಳಿದ್ದರು. ದಾರಿ ಬಿಡಲು ಹೋಗಿ ಹತ್ತು ಜೀವ ಹೋದ ರಸ್ತೆಯಲ್ಲಿ ನಾವು ದಾರಿ ಬಿಡದೆ ಆಟವಾಡಿದ್ದೆವು.

ಊರಿನ ಹೆಸರಿನಲ್ಲೇ ಸುಂಕವಿದೆ. ನಮ್ಮ ಖುಷಿಗೆ ಅಂದು ಸುಂಕ ಕಟ್ಟಿದವರು ನಾವಲ್ಲ, ಓಮ್ನಿಯಲ್ಲಿದ್ದವರು. ಎಷ್ಟು ಕಟ್ಟಿದರೋ ತಿಳಿಯದು.

ಅಣ್ಣ ಸಬ್‌ವೂಫರ್ ತೆಗೆಸಿಲ್ಲ, ಸಸ್ಪೆನ್ಷನ್ನೂ ಅದೇ ಇದೆ. ತೆಗೆಸು ಎಂದು ನಾನೂ ಹೇಳಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಮತ್ತೆ ಅದೇ ಕಾರಿನಲ್ಲಿ ಯಲ್ಲಾಪುರಕ್ಕೆ ಹೊರಟೆವು. ರಾಮನಗುಳಿ ಬರುವ ಮೊದಲೇ ಅವನು ತಾನಾಗಿ ದನಿ ಇಳಿಸಿದ, ತನ್ನ ಕಡೆಯ ಗಾಜನ್ನು ಎರಡು ಬೆರಳಷ್ಟು ಇಳಿಸಿದ. ಮದ್ದಳೆ ಕೇಳುತ್ತಲೇ ಇತ್ತು, ಆದರೆ ಬೆನ್ನಿಗೆ ತಾಗುತ್ತಿರಲಿಲ್ಲ. ಗಾಜಿನ ಸಂದಿಯಿಂದ ಗಾಳಿ, ಕಾಡಿನ ಜೀರುಂಡೆ, ಲಾರಿಗಳ ಹಾರ್ನು ಎಲ್ಲ ಒಳಗೆ ಬಂದು ಪದ ಅಷ್ಟಷ್ಟು ಕೆಡುತ್ತಿತ್ತು.

ಘಾಟಿ ಏರುವಾಗ ಅವನು ಕೇಳಿದ, "ಹಿಂದೆ ಎಂತಾರೂ ಬಂತನಾ, ತಮ್ಮಾ?"

ನಾನು ತಿರುಗಿ ನೋಡಿದೆ. ರಸ್ತೆ ಖಾಲಿ ಇತ್ತು. ಎರಡು ತಿರುವು ಕಳೆದ ಮೇಲೆ ಮತ್ತೆ ಕೇಳಿದ. ಮತ್ತೆ ತಿರುಗಿ ನೋಡಿದೆ.